ಮೇಲಿನ ಮಡುವಿನ ನೀರು

ನನ್ನ ಕಾಕಾ,

ಶಹಾಬಾದಿನ ಹತ್ತಿರ ಕಾಗಿಣಾ ಹೊಳೆಯ ದಂಡೆಗೆ ಪ್ರಾಣಿಗಳ ಸರ್ವೆಯವರು ಬಂದ ದಿನ ನೀನು ಬಲೆ ಬಿಡಿಸುತ್ತಾ ಕೂತಿದ್ದೆ. ನೀರುನಾಯಿ ನೋಡಿದ್ದೀರಾ ಎಂದು ಅವರು ಕೇಳಿದರು. ಮೂರು ಸಲ ಕಂಡಿದ್ದೇನೆ ಎಂದೆ ನೀನು. ಫೋಟೋ ಇದೆಯಾ ಎಂದರು. ನಿನ್ನ ಬಳಿ ಎಲ್ಲಿಂದ ಬರಬೇಕು ಫೋಟೋ? ಆಗ ಅವರ ಜತೆ ಬಂದಿದ್ದ ನಾನು, ನಿನ್ನ ಅಣ್ಣನ ಮಗಳು, ನಾಲ್ಕು ಅಕ್ಷರ ಕಲಿತ ಸೊಕ್ಕಿನಲ್ಲಿ ಎಲ್ಲರೆದುರು ಅಂದೆ: "ಕಾಕಾ, ನೀ ಮುಂಗುಸಿ ನೋಡಿರಬೇಕು."

ನೀನು ಸಿಟ್ಟಾಗಲಿಲ್ಲ. "ಇರಬೌದವ್ವ" ಎಂದು ಬಲೆಯ ಕಡೆ ತಿರುಗಿದೆ. ಆಮೇಲೆ ಆ ಸುದ್ದಿಯನ್ನೇ ಎತ್ತಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು...

ನೀನು ತೀರಿಕೊಂಡ ಮೇಲೆ ನನಗೆ ಹೊಳೆ ನೀರು ಪರೀಕ್ಷಿಸುವ ಕೆಲಸ ಸಿಕ್ಕಿತು. ನೀರಿಗಿಳಿದ ಪ್ರತಿ ಜೀವಿಯೂ ಚರ್ಮದ ಚೂರೋ ಜೊಲ್ಲೋ ಹಿಕ್ಕೆಯೋ ಏನಾದರೊಂದನ್ನು ಬಿಟ್ಟುಹೋಗುತ್ತದೆ. ಆ ನೀರನ್ನು ಸೋಸಿ, ಉಳಿದದ್ದರ ಡಿಎನ್‌ಎ ಓದಿದರೆ ಯಾವ ಪ್ರಾಣಿ ಅಲ್ಲಿತ್ತೆಂದು ತಿಳಿಯುತ್ತದೆ. ಪ್ರಾಣಿ ಕಣ್ಣಿಗೆ ಬೀಳಬೇಕೆಂದಿಲ್ಲ. ಕೇಳಿದ್ದರೆ ನಗುತ್ತಿದ್ದೆಯೇನೋ.

ಮೊದಲ ಸಲ ಸೇತುವೆ ಕೆಳಗಿನ ನೀರನ್ನು ಬಾಟಲಿಗೆ ತುಂಬಿಕೊಂಡೆ. ಮೀನುಗಳ ಹೆಸರು ಬಂದವು, ನೀರುನಾಯಿಯದು ಬರಲಿಲ್ಲ. ಮನೆಗೆ ಬಂದು ಸಪ್ಪಗೆ ಕೂತವಳಿಗೆ ಕಾಕಿ ರೊಟ್ಟಿ ಹಾಕುತ್ತಾ ಏನಾಯಿತೆಂದು ಕೇಳಿದಳು. ಹೇಳಿದೆ.

"ಬ್ರಿಜ್ ಕೆಳಗ ಯಾಕ ಹೋದಿ? ನಿಮ್ಮ ಕಾಕಾ ಮ್ಯಾಲಿನ ಮಡುವಿನಾಗ ಬಲಿ ಹಾಕ್ತಿದ್ರು. ನೀರುನಾಯಿ ಹರದದ್ದು ನಾನೇ ಎಷ್ಟ್ ಸಲ ಹೊಲದೀನಿ. ಅವು ತಿಂದು ಉಳದದ್ದು ನಮಗ ಅಂತಿದ್ರು."

ಮರುದಿನ ಕಾಕಿಯೇ ಮುಂದೆ ನಡೆದು ಜಾಗ ತೋರಿಸಿದಳು. ಮೂರು ಬಾಟಲಿ ನೀರು ತುಂಬಿಕೊಂಡೆ.

ನಿನ್ನೆ ಫಲಿತಾಂಶ ಬಂತು, ಕಾಕಾ. ಮೂರರಲ್ಲೂ ನೀರುನಾಯಿ ಇದೆ. ಫೋನ್ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಮೊದಲು ಯಾರಿಗೆ ಹೇಳಬೇಕಿತ್ತೋ ಅವರೇ... ತಪ್ಪಾಯಿತು ಕಾಕಾ. ಈ ಮಾತನ್ನು ಅಂದೇ, ಆ ಜನರೆದುರೇ ಹೇಳಬೇಕಿತ್ತು. ಈ ಮಡುವಿನಲ್ಲಿ ನೀರುನಾಯಿ ಇರುವುದನ್ನು ಮೊದಲು ತಿಳಿಸಿದವರು ಎಂದು ವರದಿಯಲ್ಲಿ ನಿನ್ನ ಹೆಸರು ಬರೆದಿದ್ದೇನೆ.

ಕಾಕಿಗೆ ಹೇಳಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡು, "ಮರಿ ಹಾಕ್ಯಾವೇನು?" ಎಂದಳು. ಅದನ್ನು ನೀರು ಹೇಳುವುದಿಲ್ಲ ಎಂದೆ. ಹಾಗಾದರೆ ಕೂತೇ ನೋಡಬೇಕು ಎಂದಳು. ಇಷ್ಟು ವರ್ಷದಲ್ಲಿ ಆಕೆ ಅವುಗಳನ್ನು ಒಮ್ಮೆಯೂ ಕಣ್ಣಾರೆ ಕಂಡಿಲ್ಲವಂತೆ. ನಿನಗೆ ಗೊತ್ತಿತ್ತೇ? ಸೋಮವಾರ ಬೆಳಕು ಹರಿಯುವ ಮೊದಲೇ ಆಕೆಯನ್ನು ಕರೆದುಕೊಂಡು ಹೋಗುತ್ತೇನೆ. ಕಾಣುವವರೆಗೂ ದಿನಾ ಹೋಗುತ್ತೇವೆ.

ನಿನ್ನ
ಸಾವಿತ್ರಿ