ಬೂಟು ತೊಟ್ಟ ಹೃದಯವೂ ನಮ್ಮ ಯಜಮಾನರ ಹೃದಯವೂ

ಆಹಾರ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಅಡುಗೆ ಎಣ್ಣೆಯ ಡಬ್ಬದ ಮೇಲೆ ಬೂಟು ತೊಟ್ಟು ನಗುನಗುತ್ತ ಓಡುವ ಹೃದಯದ ಚಿತ್ರಕ್ಕೆ ತಾವು ಒಪ್ಪಿಗೆ ಕೊಟ್ಟಿರಿ. ಅದನ್ನು ನಂಬಿದ ನನ್ನ ಗಂಡ ಇನ್ನೊಮ್ಮೆ ಆಸ್ಪತ್ರೆ ಸೇರುವುದು ಕೂದಲೆಳೆಯಲ್ಲಿ ತಪ್ಪಿತು. ಈಗ ಕ್ಷೇಮವಾಗಿದ್ದಾರೆ, ಆದ್ದರಿಂದಲೇ ಈ ಪತ್ರದಲ್ಲಿ ಅಳುವಿಗಿಂತ ನಗು ಹೆಚ್ಚಿದ್ದರೆ ಕ್ಷಮಿಸಬೇಕು.

ಅವರು ಬಡಗಿ. ಕಳೆದ ವರ್ಷ ಬಾಗಿಲೊಂದನ್ನು ಎತ್ತುವಾಗ ಎದೆ ಹಿಡಿದುಕೊಂಡು ಕುಸಿದರು. ವೈದ್ಯೆ ಸ್ಟೆಂಟ್ ಹಾಕಿ, ಎಣ್ಣೆ ಕಡಿಮೆ ಮಾಡಿ ಎಂದು ಹೇಳಿ ಕಳಿಸಿದರು. ಕರಿದ ಆಲೂಗಡ್ಡೆಯಿಲ್ಲದೆ ತುತ್ತು ಇಳಿಯದ ಮನುಷ್ಯ ಮುಖ ಊದಿಸಿಕೊಂಡು ಓಡಾಡಿದರು. ಒಂದು ಸಂಜೆ ಮಾತ್ರ ಈ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಮದುಮಗನಂತೆ ಮನೆಗೆ ಬಂದರು.

"ಇದು ಎಣ್ಣೆ ಅಲ್ಲ ಕಣೇ, ಔಷಧಿ! ಹೃದಯ ಹೆಂಗೆ ಓಡ್ತಿದೆ ನೋಡು."

"ಔಷಧಿ ಆದ್ರೆ ಚಮಚದಲ್ಲಿ ಕುಡೀರಿ. ಬಾಣಲೆ ಯಾಕೆ?"

ಕೇಳುವವರು ಯಾರು? ಒಳ್ಳೆಯದು ಎಂದ ಮೇಲೆ ಧಾರಾಳವಾಗಿಯೇ ಸುರಿದರು. ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ, ಕಪ್ಪಾದರೂ ಮತ್ತೆ ಮತ್ತೆ ಕಾಯಿಸಿದರು. ಕೆಲವೇ ತಿಂಗಳಲ್ಲಿ ಮೆಟ್ಟಿಲು ಹತ್ತುವಾಗ ಏದುಸಿರು ಶುರುವಾಯಿತು. ರಕ್ತಪರೀಕ್ಷೆಯ ವರದಿ ನೋಡಿ ವೈದ್ಯೆ ಹುಬ್ಬೇರಿಸಿದರು. ಡಬ್ಬ ತರಿಸಿ, ಅದರ ತಳದಲ್ಲಿ ಇರುವೆಗಾತ್ರದ ಅಕ್ಷರಗಳನ್ನು ಕಷ್ಟಪಟ್ಟು ಓದಿದರು. ಒಳಗಿದ್ದದ್ದು ಬಹುಪಾಲು ತಾಳೆ ಎಣ್ಣೆ.

"ಇದನ್ನ ಹೀಗೆ ಸುರ್ಕೊಂಡ್ರೆ ಕೆಟ್ಟ ಕೊಬ್ಬು ಏರದೆ ಇರುತ್ತಾ? ಎಷ್ಟೇ ಒಳ್ಳೆ ಎಣ್ಣೆಯಾದ್ರೂ ಮಿತಿ ಬೇಕು. ಕರಿದದ್ದನ್ನೇ ಮತ್ತೆ ಕಾಯಿಸಿದ್ರಂತೂ ಇನ್ನೂ ಕೆಡುಕು."

"ಡಬ್ಬದ ಮೇಲೆ ಹೃದಯ ಇದೆಯಲ್ಲ ಮೇಡಂ?"

"ಆ ಹೃದಯಕ್ಕೆ ಏನೂ ಆಗಲ್ಲ ಬಿಡಿ. ನಿಮ್ಮದರ ಚಿಂತೆ ಮಾಡಿ."

ಅಲ್ಲಿಂದ ನಾವು ನೇರವಾಗಿ ತಮ್ಮ ಕಚೇರಿಗೇ ಬಂದೆವು. ತಾವು ಸಭೆಯಲ್ಲಿದ್ದಿರಿ. ತಮ್ಮ ಸಹಾಯಕರು ಡಬ್ಬವನ್ನು ತಿರುಗಿಸಿ ನೋಡಿ, "ಹೃದಯಕ್ಕೆ ಒಳ್ಳೇದು ಅಂತ ಎಲ್ಲೂ ಬರೆದಿಲ್ವಲ್ಲಮ್ಮ. ಇದು ಬರೀ ಚಿತ್ರ" ಎಂದರು.

ನಮ್ಮವರು ಕೈಮುಗಿದು ಕೇಳಿದರು: "ಹಂಗಾದ್ರೆ ಇಲಿಪಾಷಾಣದ ಮೇಲೆ ನಗೋ ಮಗೂನ ಹಾಕ್ಬಹುದಾ ಸಾರ್?"

"ಅದು ನಮಗೆ ಬರಲ್ಲ. ಬೇರೆ ವಿಭಾಗ."

ಎಂಥ ಕಟ್ಟುನಿಟ್ಟಿನ ಆಡಳಿತ! ಓದುಬರಹ ಬಲ್ಲವರೇ ಚಿತ್ರ ನೋಡಿ ಮರುಳಾಗುತ್ತಾರೆಂದು ಕಂಪನಿಗೆ ಗೊತ್ತು. ತಮಗೆ ಮಾತ್ರ ಹೇಗೆ ಗೊತ್ತಾಗಲಿಲ್ಲ? ಅಥವಾ ತಮ್ಮ ಮನೆಯಲ್ಲೂ ಅದೇ ಡಬ್ಬವಿದೆಯೇ? ಇದ್ದರೆ ದಯವಿಟ್ಟು ಇವತ್ತೇ ರಕ್ತಪರೀಕ್ಷೆ ಮಾಡಿಸಿಕೊಳ್ಳಿ; ನಿಜವಾದ ಕಾಳಜಿಯಿಂದಲೇ ಹೇಳುತ್ತಿದ್ದೇನೆ.

ಅಂದಿನಿಂದ ನಮ್ಮಲ್ಲಿ ಎಣ್ಣೆಗೆ ಚಮಚದ ಲೆಕ್ಕ. ಆಲೂಗಡ್ಡೆ ಬೇಯುತ್ತದೆ, ಯಜಮಾನರು ಗೊಣಗುತ್ತಾರೆ, ಆದರೆ ಮೆಟ್ಟಿಲನ್ನು ಸಿಳ್ಳೆ ಹಾಕುತ್ತ ಹತ್ತುತ್ತಾರೆ.

ನನ್ನ ಬೇಡಿಕೆ ದೊಡ್ಡದಲ್ಲ. ಒಳಗೆ ಏನಿದೆ, ದಿನಕ್ಕೆ ಎಷ್ಟು ಸಾಕು, ಮತ್ತೆ ಕಾಯಿಸಬೇಡಿ ಎಂಬುದನ್ನು ಆ ಹೃದಯದಷ್ಟೇ ದೊಡ್ಡದಾಗಿ, ಅದರ ಪಕ್ಕದಲ್ಲೇ ಅಚ್ಚು ಹಾಕಿಸಿ. ಜಾಗ ಸಾಲದಿದ್ದರೆ ಹೃದಯವನ್ನೇ ತೆಗೆಸಿ.

ಇಂತಿ,
ಗಂಡನೇ ಮಾಡಿಕೊಟ್ಟ ಬೀರುವಿನಲ್ಲಿ ಬಾಣಲೆಯಿಟ್ಟು ಬೀಗ ಜಡಿದು, ಮನೆಯಲ್ಲಿ ಖಳನಾಯಕಿ ಎನಿಸಿಕೊಂಡಿರುವ
ಒಬ್ಬ ಬಡಗಿಯ ಹೆಂಡತಿ