ಮೂರನೇ ಮುದ್ರಣಕ್ಕೆ ಮೊದಲು

ಭಾನುವಾರ, ಮಾರ್ಚ್ ೧೫

ಪ್ರೀತಿಯ ಅಳತೆರಾಯನಿಗೆ,

ನಿನ್ನ ಬಾಯಿಬಡುಕನ ನಮಸ್ಕಾರ. ನಿನ್ನ ಪತ್ರ ಬಂದು ಹನ್ನೊಂದು ತಿಂಗಳಾಯಿತು. ನಿನ್ನ ಅವಳಿ ಹೆಣ್ಣುಮಕ್ಕಳಲ್ಲಿ ದೊಡ್ಡವಳಿಗೆ ಬಡ್ತಿ ಸಿಕ್ಕಿದ್ದನ್ನು, ಹದಿನೆಂಟು ನಿಮಿಷ ದೊಡ್ಡವಳೆಂದು ಅವಳು ಈಗಲೂ ತಂಗಿಯ ಮೇಲೆ ಯಜಮಾನಿಕೆ ನಡೆಸುವುದನ್ನು ನೀನು ಬರೆದಿದ್ದೆ. ನಾನು ಎರಡು ಸಾಲು ಕೂಡ ಬರೆಯಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡೆ, ಪರೀಕ್ಷೆಗಳಿದ್ದವು, ಮನೆಗೆ ಸುಣ್ಣಬಣ್ಣ ನಡೆಯುತ್ತಿತ್ತು ಎಂದು ಹೇಳಬಹುದು. ನನ್ನ ನೆಪಗಳ ಪರಿಚಯ ನಿನಗೆ ಚೆನ್ನಾಗಿಯೇ ಇದೆ. ನಿಜ ಹೇಳಿಬಿಡುತ್ತೇನೆ: ಲಕೋಟೆಯ ಮೇಲೆ ನಿನ್ನ ಗುಂಡು ಅಕ್ಷರ ಕಂಡರೆ ನನಗೆ ನಾಚಿಕೆಯಾಗುತ್ತದೆ. ಅದಕ್ಕೇ ಬರೆಯುವುದನ್ನು ಮುಂದೂಡುತ್ತ ಬಂದೆ.

ಕಾಲೇಜಿನಲ್ಲಿ ನಡೆದ ಒಂದು ಸಂಗತಿ ಹೇಳಬೇಕು. ನನ್ನ ಪುಸ್ತಕ ಮೂರನೇ ಮುದ್ರಣಕ್ಕೆ ಹೋಗುತ್ತಿದೆ. ಯಾವ ಪುಸ್ತಕ ಎಂದು ನಿನಗೆ ಹೇಳಬೇಕೆ? ನಾನು ಬರೆದಿರುವುದೇ ಒಂದು. ಊರು ಕಟ್ಟುವ ಆ ಹಳೆಯ ಕಂಪ್ಯೂಟರ್ ಆಟ ಒಳಗಿನಿಂದ ಹೇಗೆ ಯೋಚಿಸುತ್ತದೆ, ನಗರ ಯೋಜನೆ ಓದುವವರು ಅದರಿಂದ ಏನು ಕಲಿಯಬಹುದು ಎಂದು ಬಿಡಿಸಿ ಹೇಳುವ ಪುಸ್ತಕ. ಇದೇ ಪುಸ್ತಕದಿಂದ ನನಗೆ ಈ ಮೇಷ್ಟರ ಕೆಲಸ ಸಿಕ್ಕಿತು. ಹೋದಲ್ಲೆಲ್ಲ ಭಾಷಣವನ್ನು ಒಂದೇ ಮಾತಿನಿಂದ ಶುರು ಮಾಡುತ್ತೇನೆ. “ಈ ಆಟದಲ್ಲಿ ಮನೆಯಿಂದ ಹೊರಟವರು ಯಾರೂ ಮನೆಗೆ ಮರಳುವುದಿಲ್ಲ.” ಸಭೆ ಗಪ್‌ಚಿಪ್ಪಾಗುತ್ತದೆ. ಆಮೇಲೆ ಮೆಲ್ಲಗೆ ವಿವರಿಸುತ್ತೇನೆ: ಮನೆಯಿಂದ ಕಾರ್ಖಾನೆಗೆ ದಾರಿ ಇದೆಯೇ ಎಂದಷ್ಟೇ ಆಟ ನೋಡುತ್ತದೆ, ವಾಪಸು ಬರುವ ದಾರಿಯನ್ನು ಅದು ಕೇಳುವುದೇ ಇಲ್ಲ.

ಈ ಮಾತನ್ನು ಮೊದಲು ಹೇಳಿದ್ದು ನೀನು, ಬಾಯಲ್ಲಿ ತುತ್ತಿಟ್ಟುಕೊಂಡು, ಸ್ವಲ್ಪವೂ ನಾಟಕವಿಲ್ಲದೆ.

ಹಳೆಯ ಕಚೇರಿಯ ನಮ್ಮ ನಕ್ಷೆ ಕೋಣೆ ನೆನಪಾಗುತ್ತದೆ. ನಕ್ಷೆ ಬರೆಯಲೆಂದು ತರಿಸಿದ ಮೊದಲ ಕಂಪ್ಯೂಟರಿನಲ್ಲಿ ಯಾರೋ ಆ ಆಟ ತುಂಬಿಸಿಟ್ಟಿದ್ದರು. ಊಟದ ಬಿಡುವಿನ ನಲವತ್ತು ನಿಮಿಷ ನಾವಿಬ್ಬರೂ ಅದರ ಮುಂದೆ. ನನ್ನ ಆಟ ನಿನಗೆ ಗೊತ್ತಲ್ಲ. ನೀರಿಲ್ಲ, ದೀಪವಿಲ್ಲ, ಮೊದಲು ಕ್ರೀಡಾಂಗಣ ಕಟ್ಟುವುದು. ಊರು ಹಳ್ಳ ಹಿಡಿದರೆ ಭೂಕಂಪದ ಗುಂಡಿ ಒತ್ತಿ ಕೈ ತೊಳೆದುಕೊಳ್ಳುವುದು. ನೀನೋ, ಪ್ರತಿಸಲವೂ ಹೊಳೆ ತಿರುಗುವ ಅದೇ ನೆಲ, ಅದೇ ಎಂಟು ಮನೆ, ಅದೇ ಒಂದು ಬೀದಿ. ಒಂದು ವಿದ್ಯುತ್ ಕಂಬ ಸರಿಸಿ, ಆಟದೊಳಗೆ ಹತ್ತು ವರ್ಷ ಕಳೆಯುವವರೆಗೆ ಕೈಕಟ್ಟಿ ಕೂರುತ್ತಿದ್ದೆ. ನಮ್ಮ ಮುಖ್ಯ ನಕ್ಷೆಗಾರರು, ಪಾಪ, ನೀನು ಕೂತಲ್ಲೇ ನಿದ್ದೆ ಮಾಡುತ್ತೀಯ ಎಂದು ತಿಳಿದು ಎರಡು ಸಲ ಭುಜ ಅಲುಗಾಡಿಸಿದ್ದರು. ನಿನಗೆ ಅಳತೆರಾಯ ಎಂದೂ ನನಗೆ ಬಾಯಿಬಡುಕ ಎಂದೂ ಹೆಸರಿಟ್ಟವರು ಅವರೇ. ಮನುಷ್ಯರನ್ನು ಚೆನ್ನಾಗಿ ಓದುತ್ತಿದ್ದರು.

ಈಗ ಕಾಲೇಜಿನ ಸಂಗತಿಗೆ ಬರುತ್ತೇನೆ. ಕಳೆದ ತಿಂಗಳು ಭಾಷಣ ಮುಗಿದ ಮೇಲೆ ಎರಡನೇ ವರ್ಷದ ಒಬ್ಬ ಹುಡುಗಿ ಎದ್ದು ನಿಂತಳು. ಮನೆಗಳ ಪಕ್ಕ ಮೂರಕ್ಕಿಂತ ಹೆಚ್ಚು ಉದ್ಯಾನ ಇಟ್ಟರೆ ಆ ಬೀದಿ ಬೆಳೆಯುವುದು ನಿಲ್ಲುತ್ತದೆ ಎಂದು ನಾನು ಬರೆದಿದ್ದೇನಲ್ಲ, ಅದನ್ನು ಅವಳು ನಲವತ್ತು ಸಲ ಆಡಿ ನೋಡಿದಳಂತೆ. ಒಂದು ಸಲವೂ ನಿಲ್ಲಲಿಲ್ಲವಂತೆ. ಯಾವ ನೆಲದಲ್ಲಿ ಆಡಿದ್ದಿರಿ, ಎಷ್ಟು ಸಲ ಎಂದು ವಿನಯದಿಂದಲೇ ಕೇಳಿದಳು. ನಾನು ತಡವರಿಸದೆ, ಅದು ಆಟದ ಹಳೆಯ ಆವೃತ್ತಿ, ಈಗಿನದರಲ್ಲಿ ಬದಲಾಗಿರಬೇಕು ಎಂದುಬಿಟ್ಟೆ. ಅವಳು ತಲೆಯಾಡಿಸಿ ಅದನ್ನು ಬರೆದುಕೊಂಡಳು. ಸುಳ್ಳು ಹೇಳಿದ್ದಕ್ಕಿಂತ, ಅವಳು ಅದನ್ನು ಶ್ರದ್ಧೆಯಿಂದ ಬರೆದುಕೊಂಡದ್ದು ನನ್ನನ್ನು ಚುಚ್ಚಿತು.

ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ವಾರ ಅವಳು ನನ್ನ ಕೋಣೆಗೇ ಬಂದಳು. ಅವಳ ಚಿಕ್ಕಮ್ಮನ ಮನೆಯ ಅಟ್ಟದಲ್ಲಿ ಹಳೆಯ ಕಂಪ್ಯೂಟರ್ ಇತ್ತಂತೆ, ಅದರಲ್ಲಿ ನಾನು ಹೇಳಿದ ಅದೇ ಹಳೆಯ ಆವೃತ್ತಿ. ಹೊತ್ತುಕೊಂಡೇ ಬಂದಿದ್ದಳು. ಮೇಜಿನ ಮೇಲಿದ್ದ ಉತ್ತರಪತ್ರಿಕೆಗಳನ್ನು ಸರಿಸಿ ಅದನ್ನು ಇಟ್ಟು, ನೀವು ಒಮ್ಮೆ ಆಡಿ ತೋರಿಸಿ ಸರ್, ಎಲ್ಲಿ ತಪ್ಪುತ್ತಿದ್ದೇನೋ ಕಲಿಯುತ್ತೇನೆ ಎಂದಳು. ಹೇಗೆ ಇಲ್ಲ ಎನ್ನಲಿ? ಕೂತೆ. ನಿನ್ನ ಹಾಗೆ ಆಡಬೇಕೆಂದು ಮನಸ್ಸಿನಲ್ಲಿ ನಿನ್ನನ್ನೇ ನೆನೆದು ಶುರು ಮಾಡಿದೆ. ಎಂಟು ಮನೆ, ಒಂದು ಬೀದಿ. ಎರಡು ವರ್ಷ ಕಾಯುವಷ್ಟರಲ್ಲಿ ಬೆರಳು ತುರಿಸತೊಡಗಿತು. ಇನ್ನೊಂದು ಬೀದಿ ಎಳೆದೆ. ಮಾರುಕಟ್ಟೆ ಇಟ್ಟೆ. ಯಾವುದಾದ ಮೇಲೆ ಯಾವುದು ಇಟ್ಟೆ ಎಂದು ನನಗೇ ತಿಳಿಯದಾಯಿತು. ಹತ್ತು ನಿಮಿಷದಲ್ಲಿ, ನೀನು ನಗುತ್ತೀಯ, ಕ್ರೀಡಾಂಗಣ ಎದ್ದಿತ್ತು.

ಅವಳು ನಗಲಿಲ್ಲ. ನೋವಾಗದಂತೆ ಹೇಳಬೇಕೆಂದು ಪದ ಹುಡುಕಿ ಹೇಳಿದಳು: “ಸರ್, ಈ ಪುಸ್ತಕದಲ್ಲಿರೋದನ್ನ ಕಂಡುಹಿಡಿದೋರಿಗೆ ತುಂಬ ತಾಳ್ಮೆ ಇದೆ. ನಿಮ್ಮ ಕೈ ಹಾಗಿಲ್ಲ.”

ಅವಳ ಮೇಲೆ ರೇಗಬಹುದಿತ್ತು. ರೇಗುವ ಅಧಿಕಾರ ನನಗಿತ್ತು, ಕುರ್ಚಿ ನನ್ನದು. ಆದರೆ ಇಪ್ಪತ್ತೆಂಟು ವರ್ಷದಲ್ಲಿ ಯಾರೂ ನೋಡದ್ದನ್ನು ಅವಳು ಹತ್ತು ನಿಮಿಷದಲ್ಲಿ ನೋಡಿದ್ದಳು. ಆಡಿದ್ದು ನನ್ನ ಗೆಳೆಯ ಎಂದೆ. ಅವಳಿಗೆ ಖುಷಿಯಾಯಿತು, ನೋಡು, ಸಿಟ್ಟಲ್ಲ. ಅವರ ಹೆಸರು ಪುಸ್ತಕದಲ್ಲಿ ಎಲ್ಲಿದೆ ಸರ್, ನಾನು ಗಮನಿಸಲೇ ಇಲ್ಲ ಎಂದು ತನ್ನನ್ನೇ ಬೈದುಕೊಂಡಳು. ನಾನು ಪುಸ್ತಕ ತೆಗೆದುಕೊಂಡು ಪುಟ ಮಗುಚಿದೆ. ಇಲ್ಲವೆಂದು ಗೊತ್ತಿದ್ದೂ ಮುನ್ನುಡಿಯವರೆಗೆ, ಮತ್ತೆ ಕೊನೆಯವರೆಗೆ ಮಗುಚಿದೆ. ಅವಳು ಪಕ್ಕದಲ್ಲಿ ಬಗ್ಗಿ ನಿಂತು ನನ್ನ ಜೊತೆ ಹುಡುಕುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಹೇಗಾಯಿತು ಎಂದು ನಿನಗೆ ಹೇಳಬೇಕು, ಸಮರ್ಥನೆಗಲ್ಲ. ಹೆಂಡತಿಯ ಹೆರಿಗೆ ಕಷ್ಟದ್ದೆಂದು ನೀನು ನಾಲ್ಕು ತಿಂಗಳು ರಜೆ ಹೋಗಿದ್ದೆ. ಆಗಲೇ ಎಂಜಿನಿಯರುಗಳ ಪತ್ರಿಕೆಯ ಸಂಪಾದಕರು ನಮ್ಮ ಕಚೇರಿಗೆ ಬಂದು, ನನ್ನ ಹರಟೆ ಕೇಳಿ, ಇದನ್ನೇ ಬರೆದುಕೊಡಿ ಎಂದರು. ಬರೆದೆ. ಕೊಡುವಾಗ, ಬರೆದವರು ನೀವೊಬ್ಬರೇ ತಾನೆ ಎಂದು ಕೇಳಿದರು. ಹೂಂ ಎಂದೆ. ಬರೆದವನು ನಾನೊಬ್ಬನೇ ಎಂಬುದು ನಿಜವೇ ಎಂದು ಮೆಟ್ಟಿಲಿಳಿಯುತ್ತ ನನಗೆ ನಾನೇ ಹೇಳಿಕೊಂಡೆ. ಲೇಖನ ಬೆಳೆದು ಪುಸ್ತಕವಾಯಿತು, ನಾನು ಕಾಲೇಜಿಗೆ ಬಂದೆ, ನೀನು ನಕ್ಷೆ ಕೋಣೆಯಲ್ಲೇ ಉಳಿದೆ.

ನನ್ನ ಮೊದಲ ಭಾಷಣಕ್ಕೆ ನೀನು ಬಂದಿದ್ದೆ. ಮೂರನೇ ಸಾಲಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದೆ. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು ಏನು ಹೇಳಿದೆ ಗೊತ್ತೆ? “ಚೆನ್ನಾಗ್ ಹೇಳ್ದೆ ಕಣೋ. ನಾನಾಗಿದ್ರೆ ಯಾರಿಗೂ ಅರ್ಥ ಆಗ್ತಿರ್ಲಿಲ್ಲ.” ನೀನು ಚುಚ್ಚಿ ಮಾತಾಡಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ನೀನು ಮನಸಾರೆ ಹೇಳಿದೆ. ಅವತ್ತಿನಿಂದ ನಿನ್ನ ಮನೆಗೆ ಬರುವುದನ್ನು ಕಡಿಮೆ ಮಾಡಿದೆ. ನಾನು ದೊಡ್ಡ ಮನುಷ್ಯನಾಗಿಬಿಟ್ಟೆ ಎಂದು ನೀನು ತಮಾಷೆಗೆ ಹೇಳುತ್ತಿದ್ದೆಯಂತೆ, ಅತ್ತಿಗೆ ಒಮ್ಮೆ ಹೇಳಿದರು.

ಪ್ರಕಾಶಕರಿಗೆ ನಿನ್ನೆ ತಿಳಿಸಿದ್ದೇನೆ. ಮೂರನೇ ಮುದ್ರಣದಲ್ಲಿ ಮೊದಲು ನಿನ್ನ ಹೆಸರು, ಆಮೇಲೆ ನನ್ನದು, ನಡೆದದ್ದನ್ನು ಹೇಳುವ ಒಂದು ಪುಟ. ಅವರಿಗೆ ನಿನ್ನ ಒಪ್ಪಿಗೆಯ ಸಹಿ ಬೇಕು, ಕಾಗದ ಇದರೊಳಗಿದೆ. ನೀನು ಒಪ್ಪದಿದ್ದರೆ ಪುಸ್ತಕ ಮತ್ತೆ ಅಚ್ಚಾಗುವುದಿಲ್ಲ, ಅದನ್ನೂ ಹೇಳಿದ್ದೇನೆ. ಕಾಲೇಜಿನಲ್ಲಿ ಏನೆನ್ನುತ್ತಾರೋ ಎನ್ನಲಿ. ನೀನು ಏನೆನ್ನುತ್ತೀಯೋ ಎಂಬುದಷ್ಟೇ ನನಗೆ ಭಯ. ಆ ಹುಡುಗಿ ನಿನ್ನನ್ನು ನೋಡಬೇಕೆನ್ನುತ್ತಾಳೆ. ಉದ್ಯಾನದ ವಿಷಯ ನಿನಗೇ ಗೊತ್ತಿರುತ್ತದೆಂದು ಅವಳಿಗೆ ಖಾತ್ರಿ. ಅವಳೊಬ್ಬಳಿಗಾದರೂ ಉತ್ತರ ಬರೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳಿಬ್ಬರೂ ಚೆನ್ನಾಗಿರಲಿ, ಚಿಕ್ಕವಳಿಗೂ ಒಂದು ದಿನ ಯಜಮಾನಿಕೆಯ ಸರದಿ ಬರಲಿ. ಮಂಡಿ ನೋವಿಗೆ ಎಣ್ಣೆ ತಿಕ್ಕಿಕೊಂಡು ಕೂರಬೇಡ, ವೈದ್ಯರಿಗೆ ತೋರಿಸು.

ಇಂತಿ ನಿನ್ನ,
ಬಾಯಿಬಡುಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಇದನ್ನೆಲ್ಲ ಓದಿದರೆ ನೀನು ಹೇಳಿದ್ದನ್ನು ನಾನು ನೆನಪಿನಿಂದ ಬರೆದೆ ಎಂದು ತಿಳಿಯುತ್ತೀಯ. ಹಾಗಲ್ಲ. ನೀನು ಪ್ರತಿ ಆಟವನ್ನೂ ಬರೆದಿಡುತ್ತಿದ್ದ ಹಸಿರು ರಟ್ಟಿನ ಪುಸ್ತಕ ಈ ಪಾರ್ಸಲ್ಲಿನಲ್ಲಿದೆ. ಮೂವತ್ತೊಂದನೇ ಪುಟದಲ್ಲಿ ಉದ್ಯಾನದ ಪಕ್ಕ ನೀನು ಪೆನ್ಸಿಲಿನಲ್ಲಿ “ಎರಡೇ ಸಲ ನೋಡಿದ್ದು, ಇನ್ನೂ ನೋಡಬೇಕು” ಎಂದು ಬರೆದಿದ್ದೀಯ. ನಾನು ಆ ಸಾಲೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಎತ್ತಿಕೊಂಡೆ.

ನೀನು ರಜೆ ಮುಗಿಸಿ ಬಂದ ಶನಿವಾರ ಆ ಹಸಿರು ಪುಸ್ತಕ ನಿನ್ನ ಡ್ರಾಯರಿನಲ್ಲಿರಲಿಲ್ಲ. ಇಬ್ಬರೂ ಸೇರಿ ನಕ್ಷೆಯ ಬೀರುಗಳನ್ನು ಸರಿಸಿ ಹುಡುಕಿದೆವು. ನೀನು ನೆಲಕ್ಕೆ ಕೆನ್ನೆಯಿಟ್ಟು ಮಲಗಿ ಬೀರುವಿನ ಕೆಳಗೆ ಕೈ ಚಾಚಿದ್ದೆ. ನಾನು ಪಕ್ಕದಲ್ಲಿ ಟಾರ್ಚು ಹಿಡಿದಿದ್ದೆ. ಪುಸ್ತಕ ನನ್ನ ಹೆಗಲಿನ ಚೀಲದಲ್ಲಿತ್ತು. ಕೊನೆಗೆ ನೀನು ಎದ್ದು, ಅಂಗಿಯ ಧೂಳು ಕೊಡವಿಕೊಂಡು, “ಕ್ಷಮಿಸೋ, ಇಬ್ಬರ ಕೆಲಸಾನೂ ಕಳ್ದುಬಿಟ್ಟೆ” ಅಂದೆ. ಆಮೇಲೆ ನೀನು ಆ ಆಟ ಮುಟ್ಟಲೇ ಇಲ್ಲ.

ಅವತ್ತು ನಾನು ನಿನ್ನ ಬೆನ್ನು ತಟ್ಟಿ ಹೋಗಲಿ ಬಿಡು ಎಂದೆ. ನಿನ್ನನ್ನು ಕ್ಷಮಿಸಿದೆ.