ಕೀವಾಗದ ಗಾಯ

ಅಳಿಯಂದಿರಿಗೆ ಅತ್ತೆಯ ಆಶೀರ್ವಾದ.

ಇವತ್ತು ಉಪವಾಸ. ಅಂಗಳ ಗುಡಿಸಿ, ಮಗುವಿನ ಬಟ್ಟೆ ಕುದಿಸಿ ಒಣಹಾಕಿ ಬರೆಯಲು ಕೂತೆ.

ಮಗುವಿನ ಹೊಕ್ಕಳ ಗಾಯ ಮಾಗದಿದ್ದರೂ ಕೀವಿಲ್ಲ, ದೇವರು ದೊಡ್ಡವನು, ಆಸ್ಪತ್ರೆ ಯಾಕೆ ಅಂತ ತಡೆದವಳು ನಾನೇ. ‘ನಿಮ್ಮ ದೇವರು ಡಾಕ್ಟರಿಕೆ ಓದಿದ್ದಾನಾ?’ ಅಂತ ಸಿಟ್ಟಾಗಿ ನೀವು ಮಗುವಿನ ಅಕ್ಕನನ್ನು ಕರಕೊಂಡು ನಿಮ್ಮ ಮನೆಗೆ ಹೋದಿರಿ.

ಜ್ವರ ಏರಿದ ಮೇಲೆ ನಾನೂ ಮಗುವಿನ ತಾಯಿಯೂ ಅವನನ್ನು ಆಸ್ಪತ್ರೆಗೆ ಸೇರಿಸಿದೆವು. ಕೀವಾಗದ್ದೇ ರೋಗವಂತೆ, ಡಾಕ್ಟರಮ್ಮ ಹೇಳಿದರು. ರಕ್ತದ ಬಿಳಿಕಣ ನಾಳದ ಗೋಡೆ ಹಿಡಿದು ನಿಂತರೆ ತಾನೇ ಗಾಯಕ್ಕೆ ಇಳಿದು ಕೀವಾಗೋದು? ಆ ಹಿಡಿತವನ್ನು ಒಳಗಿಂದ ಬಿಗಿಮಾಡೋ ಪ್ರೋಟೀನು ಇವನಿಗೆ ಹುಟ್ಟಿನಿಂದಲೇ ಇಲ್ಲ. ಅಕ್ಕನ ಅಸ್ಥಿಮಜ್ಜೆ ಹೊಂದಿದರೆ ಉಳಿಯಬಹುದಂತೆ.

ತಪ್ಪು ನನ್ನದು. ಅವಳನ್ನು ರಕ್ತಪರೀಕ್ಷೆಗೆ ಕರೆತನ್ನಿ. ನನ್ನ ಮುಖ ನೋಡಬೇಕಾಗುತ್ತದೆ ಅಂತ ಹಿಂಜರಿಯಬೇಡಿ, ನೀವು ಬರೋ ದಿನ ನಾನು ಆಸ್ಪತ್ರೆಯಲ್ಲಿ ಇರೋದಿಲ್ಲ.

ಪತ್ರ ತಂದ ಆಸ್ಪತ್ರೆಯ ಆಯಾ ನಿಮ್ಮ ಬಾಗಿಲಲ್ಲೇ ಕಾಯುತ್ತಾಳೆ. ಯಾವ ದಿನ ಬರುತ್ತೀರಿ ಅಂತ ಒಂದು ಸಾಲು ಬರೆದು ಅವಳ ಕೈಲೇ ಕಳಿಸಿ.

ಇಂತಿ,
ಮಗುವಿನ ಅಜ್ಜಿ